ಮೂರನೇ ಚೀಲ ಯೂರಿಯಾ: ಬ್ರಹ್ಮಾವರದ ಬಳಿಯ ಒಂದು ಜೋಳದ ಗದ್ದೆಯ ಪ್ರಕರಣ

ಡಿಸೆಂಬರ್ ಕೊನೆಯ ಶನಿವಾರ ಸೋದರಮಾವನ ಮನೆಗೆ ಹೋದಾಗ ಚಾವಡಿಯ ಮೂಲೆಯಲ್ಲಿ ಮೂರನೇ ಯೂರಿಯಾ ಚೀಲ ಕೂತಿತ್ತು. ಬಾಯಿಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಐವತ್ತು ಸೆಂಟ್ಸ್, ಅಂದರೆ ಅರ್ಧ ಎಕರೆ ಗದ್ದೆಗೆ ಅದಾಗಲೇ ಎರಡು ಚೀಲ ಹೋಗಿತ್ತು. ಜೋಳ ಮಾತ್ರ ಹಳದಿ. (ನಮ್ಮಲ್ಲಿ ಜೋಳ ಅಂದರೆ ಮೆಕ್ಕೆಜೋಳ.)

"ಎಂತ ಮಾರಾಯ, ಇಷ್ಟು ತಿಂದ ಮೇಲೂ ಇದಕ್ಕೆ ಹೊಟ್ಟೆ ತುಂಬಲಿಲ್ಲವಾ? ನಾಳೆ ಇದನ್ನೂ ಗದ್ದೆಗೆ ಬಿಸಾಡಿ ನೀರು ಬಿಡ್ತೇನೆ" ಅಂದರು ಮಾವ.

"ಒಂದು ದಿನ ತಡೀರಿ ಮಾವ. ಮೊದಲು ಗದ್ದೆ ನೋಡುವ" ಅಂದೆ.

ಆ ಒಂದು ದಿನ ಎರಡು ಹಂಗಾಮಿಗೆ ಎಳೆಯಿತು. ಗದ್ದೆ ಒಂದೇ, ಬೆಳೆ ಒಂದೇ. ಇಲ್ಲಿ ಬರೆಯುವ ತಪ್ಪುಗಳಲ್ಲಿ ಅರ್ಧ ಮಾವನದು, ಉಳಿದ ಅರ್ಧ ನನ್ನದು.

ಗದ್ದೆ ಇರುವುದು ಉಡುಪಿ ಜಿಲ್ಲೆಯ ಬ್ರಹ್ಮಾವರದಿಂದ ಬಾರ್ಕೂರಿಗೆ ಹೋಗುವ ಕಡೆ. ನಮ್ಮ ಊರ ಲೆಕ್ಕದಲ್ಲಿ ಮಜಲು. ಎತ್ತರದ ಬೆಟ್ಟು ಗದ್ದೆಯಷ್ಟು ಬೇಗ ಒಣಗುವುದಿಲ್ಲ, ತಗ್ಗಿನ ಬೈಲು ಗದ್ದೆಯಷ್ಟು ನೀರು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಒಂದು ಭತ್ತ, ಆಮೇಲೆ ಮನಸ್ಸಾದರೆ ಉದ್ದು, ಇಲ್ಲದಿದ್ದರೆ ಸುಮ್ನೆ ಬಿಡುವುದು. ಮಣ್ಣು ಮರಳು ಮಿಶ್ರ, ಸ್ವಲ್ಪ ಹುಳಿ. ಪಶ್ಚಿಮದ ಬದಿ ತುಸು ಎತ್ತರ. ಪೂರ್ವದ ಹುಣಿ (ಬದು) ದಾಟಿದರೆ ತೋಡು (ಸಣ್ಣ ಹಳ್ಳ).

ಕರಾವಳಿಯವರಿಗೆ ಜೋಳ ಅಂದರೆ ಮಲ್ಪೆ ಬೀಚಿನಲ್ಲಿ ಕೆಂಡದ ಮೇಲೆ ಸುಟ್ಟು ಉಪ್ಪು ಖಾರ ಹಚ್ಚಿ ಕೊಡುವ ತೆನೆ, ಅಷ್ಟೇ. ಬೆಳೆಯುವುದೆಲ್ಲ ಘಟ್ಟದ ಮೇಲಿನವರು, ದಾವಣಗೆರೆ ಹಾವೇರಿ ಕಡೆಯವರು. ಮಾವ ಇದಕ್ಕೆ ಕೈ ಹಾಕಿದ್ದು ದನಗಳಿಗಾಗಿ. ಹಟ್ಟಿಯಲ್ಲಿ ಐದು ದನ ಇವೆ. ಮೂರು ಹಾಲು ಕೊಡುತ್ತವೆ. ಭತ್ತದ ಕೊಯ್ಲಿಗೆ ಯಂತ್ರ ಬಂದ ಮೇಲೆ ಬೈಹುಲ್ಲು ಮೊದಲಿನ ಹಾಗೆ ಸಿಗುವುದಿಲ್ಲ. ಘಟ್ಟ ಇಳಿದು ಬರುವ ಹುಲ್ಲಿಗೆ ಲಾರಿ ಬಾಡಿಗೆಯೂ ಸೇರಿ ಕೈ ಸುಡುತ್ತದೆ. ಹಾಗಾಗಿ ಅರ್ಧ ಗದ್ದೆಯ ಜೋಳ ಹಸಿ ಮೇವಿಗೆ, ಇನ್ನರ್ಧ ತೆನೆ ಬಲಿತ ಮೇಲೆ ಹುಡಿ ಮಾಡಿ ಹಿಂಡಿ ಜೊತೆ ಕೊಡಲು ಎಂಬ ಯೋಚನೆ.

ಬಿತ್ತಿದ್ದು ನವೆಂಬರ್ 24ಕ್ಕೆ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 20. ಪೂರ್ವ ಪಶ್ಚಿಮ ಉದ್ದಕ್ಕೆ ಒಟ್ಟು 83 ಸಾಲು. ಹಟ್ಟಿಗೊಬ್ಬರ ಧಾರಾಳ ಬಿದ್ದಿತ್ತು. ಇಲ್ಲಿಯವರೆಗೆ ಎಲ್ಲ ಸರಿ.

ಗೊಬ್ಬರದ ಲೆಕ್ಕ

ಚೀಲಗಳ ಲೆಕ್ಕ ಮೊದಲು ನೋಡಿದೆ. ಬಿತ್ತುವಾಗ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಒಂದು ಚೀಲ, 50 ಕಿಲೋ. ಅದರಲ್ಲಿ ಸಾರಜನಕ ಶೇಕಡಾ 18, ಅಂದರೆ 9 ಕಿಲೋ. ಹದಿನೆಂಟನೇ ದಿನ ಯೂರಿಯಾ ಒಂದು ಚೀಲ. ಈಗಿನ ಚೀಲ 45 ಕಿಲೋದ್ದು, ಶೇಕಡಾ 46 ಸಾರಜನಕ, ಅಂದರೆ ಹತ್ತಿರ ಹತ್ತಿರ 21 ಕಿಲೋ. ಗಿಡ ಬಿಳಿಚಿತು ಅಂತ ಇಪ್ಪತ್ತೆಂಟನೇ ದಿನ ಇನ್ನೊಂದು ಚೀಲ. ಒಟ್ಟು ಸಾರಜನಕ 50 ಕಿಲೋ ದಾಟಿತು.

ನೀರಾವರಿ ಮೆಕ್ಕೆಜೋಳಕ್ಕೆ ನಮ್ಮ ರಾಜ್ಯದಲ್ಲಿ ಕೊಡುವ ಶಿಫಾರಸು ಹೆಕ್ಟೇರಿಗೆ 150 ಕಿಲೋ ಸಾರಜನಕ, 75 ಕಿಲೋ ರಂಜಕ, 40 ಕಿಲೋ ಪೊಟ್ಯಾಶ್. ಐವತ್ತು ಸೆಂಟ್ಸಿಗೆ ಇಳಿಸಿದರೆ ಸಾರಜನಕ 30 ಕಿಲೋ. ಮಾವ 35 ದಿನದೊಳಗೆ ಅದರ ಸುಮಾರು 1.7 ಪಟ್ಟು ಹಾಕಿ ಮುಗಿಸಿದ್ದರು. ಇನ್ನೊಂದು ಕಡೆಯಿಂದಲೂ ನೋಡಬಹುದು. ಒಂದು ಕ್ವಿಂಟಲ್ ಕಾಳು ಬೆಳೆಯಲು ಜೋಳದ ಗಿಡ ಸುಮಾರು 2ರಿಂದ 2.5 ಕಿಲೋ ಸಾರಜನಕ ಎಳೆದುಕೊಳ್ಳುತ್ತದೆ. ಮಾವ ಹಾಕಿದ್ದು 20 ಕ್ವಿಂಟಲ್ ಬೆಳೆಗೆ ಸಾಕು. ಅರ್ಧ ಎಕರೆಯಲ್ಲಿ 20 ಕ್ವಿಂಟಲ್ ಜೋಳ ಘಟ್ಟದ ಮೇಲಿನ ನುರಿತವರಿಗೂ ಸುಲಭವಲ್ಲ.

ಅಂದ ಮೇಲೆ ಗಿಡ ಯಾಕೆ ಹಳದಿ?

ಎಲೆ ನೋಡಿದರೆ ಅನುಮಾನವೇ ಇರಲಿಲ್ಲ, ಅದು ಸಾರಜನಕದ ಕೊರತೆಯೇ. ಕೆಳಗಿನ ಹಳೆ ಎಲೆಗಳು ಮೊದಲು ಹಳದಿಯಾಗಿದ್ದವು. ಹಳದಿ ಬಣ್ಣ ಎಲೆಯ ತುದಿಯಿಂದ ಹೊರಟು ನಡುವಿನ ನರದ ಗುಂಟ ಬುಡದ ಕಡೆ ಚೂಪಾಗಿ ಇಳಿದಿತ್ತು. ಪೊಟ್ಯಾಶ್ ಕಡಿಮೆಯಾದರೆ ಅಂಚು ಸುಟ್ಟ ಹಾಗೆ ಆಗುತ್ತದೆ, ನಡು ಹಸಿರಾಗಿ ಉಳಿಯುತ್ತದೆ. ಸತು ಕಡಿಮೆಯಾದರೆ ಎಳೆ ಎಲೆಯಲ್ಲಿ ಬಿಳಿ ಪಟ್ಟೆ. ಇಲ್ಲಿ ಅದೆರಡೂ ಇರಲಿಲ್ಲ. ಅಂದರೆ ಮಾವ ರೋಗ ಗುರುತಿಸಿದ್ದು ಸರಿ. ಕಾರಣ ಹುಡುಕಿರಲಿಲ್ಲ, ಅಷ್ಟೇ.

ಹಾರೆ ತಂದು ಎತ್ತರದ ಬದಿಯಲ್ಲಿ ಒಂದು ಗುಂಡಿ ತೆಗೆದೆವು. (ಘಟ್ಟದ ಮೇಲಿನವರಿಗೆ ಹಾರೆ ಅಂದರೆ ಕಬ್ಬಿಣದ ಸರಳು. ನಮಗೆ ಮಣ್ಣು ಎಳೆಯುವ ಸಲಿಕೆ.) ಎರಡು ಗೇಣು ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಬಂತು. ಬೇರುಗಳಾದರೋ ಒಂದು ಗೇಣಿಗಿಂತ ಕೆಳಗೆ ಇಳಿದೇ ಇರಲಿಲ್ಲ. ಮೇಲೆಯೇ ದಿನಾ ನೀರು ಸಿಗುವಾಗ ಕೆಳಗೆ ಹೋಗಿ ಹುಡುಕುವ ಕಷ್ಟ ಯಾಕೆ, ಅಲ್ವಾ?

"ಮಾವ, ನೀರು ಎಷ್ಟು ಬಿಡ್ತೀರಿ?"

"ಜಾಸ್ತಿ ಏನಿಲ್ಲ. ದಿನ ಬಿಟ್ಟು ದಿನ, ಮೂರು ಗಂಟೆ."

ಹಾಲಿನ ಪುಡಿಯ ಡಬ್ಬಿಗಳು

ಮಾವನ ಹತ್ತಿರ ಸ್ಪ್ರಿಂಕ್ಲರ್ ಸೆಟ್ ಇದೆ. ಎಂಟು ತಲೆ. ಅರ್ಧ ಗದ್ದೆಗೆ ಒಂದು ಸಲ, ಪೈಪು ತಿರುಗಿಸಿ ಇನ್ನರ್ಧಕ್ಕೆ ಇನ್ನೊಂದು ಸಲ. ಮೂರು ಗಂಟೆಗೆ ಎಷ್ಟು ನೀರು ಬೀಳುತ್ತದೆ ಅಂತ ಯಾರೂ ಅಳೆದಿರಲಿಲ್ಲ. ನಮ್ಮಲ್ಲಿ ನೀರನ್ನು ಅಳೆಯುವುದು ಗಂಟೆಯಲ್ಲಿ. ಅಕ್ಕಿಯನ್ನು ಬೇಯುವ ಹೊತ್ತಿನಲ್ಲಿ ಅಳೆದ ಹಾಗೆ.

ಅತ್ತೆ ಹಾಲಿನ ಪುಡಿಯ ಖಾಲಿ ಡಬ್ಬಿಗಳನ್ನು ಎಸೆಯುವುದಿಲ್ಲ. ಒಂದೇ ಅಳತೆಯ ಒಂಬತ್ತು ಡಬ್ಬಿ ಸಿಕ್ಕಿದವು. ಬದಿ ನೆಟ್ಟಗಿರುವ ಡಬ್ಬಿಯೇ ಬೇಕು, ಬಕೆಟ್ಟಿನ ಹಾಗೆ ಬಾಯಿ ಅಗಲ ಇದ್ದರೆ ಲೆಕ್ಕ ತಪ್ಪುತ್ತದೆ. ಸಾಲುಗಳ ನಡುವೆ ಅಲ್ಲಲ್ಲಿ ಇಟ್ಟು ಒಂದು ಗಂಟೆ ಪಂಪು ಓಡಿಸಿದೆವು. ಆಮೇಲೆ ಶಾಲೆಯ ಸ್ಕೇಲು ಇಳಿಸಿ ನೋಡಿದರೆ ಸರಾಸರಿ 12 ಮಿಲಿಮೀಟರ್.

ಒಂದು ಸೆಂಟ್ಸ್ ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಲಬೇಕಾದರೆ 40 ಲೀಟರ್ ಬೇಕು. ಮೂರು ಗಂಟೆಗೆ 36 ಮಿಲಿಮೀಟರ್. ಐವತ್ತು ಸೆಂಟ್ಸಿಗೆ 72 ಸಾವಿರ ಲೀಟರ್. ದಿನ ಬಿಟ್ಟು ದಿನ.

ಒಂದು ತಿಂಗಳ ಜೋಳದ ಸಸಿಗೆ ನಮ್ಮ ಚಳಿಗಾಲದ ಹವೆಯಲ್ಲಿ ದಿನಕ್ಕೆ ಬೇಕಾಗುವುದು ಹೆಚ್ಚೆಂದರೆ 3 ಮಿಲಿಮೀಟರ್. ಎರಡು ದಿನಕ್ಕೆ 6. ಮಾವ ಕೊಡುತ್ತಿದ್ದದ್ದು 36. ಉಳಿದ 30 ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಮರಳು ಮಣ್ಣು ಹಿಡಿದುಕೊಳ್ಳುವುದಿಲ್ಲ. ಕೆಳಗೆ ಬಿಡುತ್ತದೆ.

ಇನ್ನೊಂದು ವಿಷಯವೂ ಡಬ್ಬಿಗಳಿಂದಲೇ ಗೊತ್ತಾಯಿತು. ಅದೇ ಪರೀಕ್ಷೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಇನ್ನೊಂದು ಸಲ ಮಾಡಿದೆವು. ಆಗ ಕಡಲ ಗಾಳಿ ಜೋರಾಗಿ ಪಶ್ಚಿಮದಿಂದ ಬೀಸುತ್ತಿತ್ತು. ಪಶ್ಚಿಮದ ಡಬ್ಬಿಗಳಲ್ಲಿ ನೀರು ಕಮ್ಮಿ, ತೋಡಿನ ಬದಿಯ ಡಬ್ಬಿಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿ. ಮೊದಲೇ ತಗ್ಗಿನ, ಒದ್ದೆಯ ಬದಿಗೆ ಗಾಳಿಯೂ ನೀರು ಹೊತ್ತು ಹಾಕುತ್ತಿತ್ತು. ಅಲ್ಲಿ ಸಾಲುಗಳ ಕೊನೆಯ ಮೂರು ಮಾರು ಉದ್ದ ಗಿಡ ಮೊಣಕಾಲಿನಷ್ಟೂ ಎತ್ತರ ಬಂದಿರಲಿಲ್ಲ. ಅಲ್ಲಿ ಅಗೆದ ಮಣ್ಣಿಗೆ ಕೊಳೆತ ವಾಸನೆ.

ನೀರು ಗೊಬ್ಬರವನ್ನು ಕರೆದುಕೊಂಡು ಹೋದ ಬಗೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ಪ್ರಕರಣದ ತಿರುಳು ಇರುವುದೇ ಇಲ್ಲಿ.

ಯೂರಿಯಾ ಮಣ್ಣಿಗೆ ಬಿದ್ದ ತಕ್ಷಣ ಗಿಡದ ಬಾಯಿಗೆ ಹೋಗುವುದಿಲ್ಲ. ಮೊದಲು ನೀರಿನಲ್ಲಿ ಕರಗುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಎರಡರಿಂದ ನಾಲ್ಕು ದಿನದಲ್ಲಿ ಅಮೋನಿಯಂ ಆಗುತ್ತದೆ. ಅಮೋನಿಯಂ ಮಣ್ಣಿನ ಕಣಕ್ಕೆ ಅಂಟಿಕೊಳ್ಳುತ್ತದೆ, ಹಾಗಾಗಿ ಸುಲಭಕ್ಕೆ ಹರಿದು ಹೋಗುವುದಿಲ್ಲ. ಆಮೇಲೆ ವಾರ ಎರಡು ವಾರದಲ್ಲಿ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಜೋಳ ಹೆಚ್ಚಾಗಿ ಹೀರುವುದು ಈ ನೈಟ್ರೇಟನ್ನೇ. ಅದಕ್ಕೆ ಅಂಟುವ ಗುಣ ಇಲ್ಲ. ನೀರು ಹೋದಲ್ಲಿಗೆ ಹೋಗುತ್ತದೆ.

ಅಂದರೆ ಯೂರಿಯಾ ಓಡಿಹೋಗಲು ಎರಡು ಬಾಗಿಲು ಇವೆ. ಒಂದು, ಹಾಕಿದ ಮೊದಲ ಒಂದೆರಡು ದಿನ. ಆಗ ಅದು ಇನ್ನೂ ಯೂರಿಯಾ, ಅದಕ್ಕೂ ಅಂಟುವ ಗುಣ ಇಲ್ಲ. ಎರಡನೆಯದು, ನೈಟ್ರೇಟ್ ಆದ ಮೇಲೆ. ಮಾವ ಯೂರಿಯಾ ಬಿಸಾಡಿದ ಕೂಡಲೇ ಮೂರು ಗಂಟೆ ನೀರು ಬಿಟ್ಟಿದ್ದರು, ಮೊದಲ ಬಾಗಿಲು ತೆರೆಯಿತು. ದಿನ ಬಿಟ್ಟು ದಿನ ಬಿಡುತ್ತಲೇ ಇದ್ದರು, ಎರಡನೆಯದೂ ತೆರೆಯಿತು. ಇಂಥ ಮಣ್ಣಿನಲ್ಲಿ 30 ಮಿಲಿಮೀಟರ್ ಹೆಚ್ಚುವರಿ ನೀರು ಕರಗಿದ ನೈಟ್ರೇಟನ್ನು ಮುಕ್ಕಾಲು ಗೇಣಿನಷ್ಟು ಕೆಳಗೆ ತಳ್ಳುತ್ತದೆ. ಬೇರು ಇರುವುದು ಒಂದು ಗೇಣು. ಎರಡು ಸಲ ನೀರು ಬಿಟ್ಟರೆ ಬೇರಿನ ಕೈಗೆ ಸಿಗದಷ್ಟು ಆಳ.

ತೋಡಿನ ಬದಿಯ ಕಥೆ ಬೇರೆ. ಅಲ್ಲಿ ಭತ್ತಕ್ಕೆ ಉತ್ತು ಕೆಸರು ಮಾಡಿದ ಗಟ್ಟಿ ಪದರ ಇನ್ನೂ ಇತ್ತು, ನೀರು ಇಳಿಯುತ್ತಿರಲಿಲ್ಲ. ಗಾಳಿ ಇಲ್ಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ನೈಟ್ರೇಟಿನಿಂದಲೇ ಆಮ್ಲಜನಕ ಕಿತ್ತುಕೊಳ್ಳುತ್ತವೆ. ಉಳಿದ ಸಾರಜನಕ ಅನಿಲವಾಗಿ ಮೇಲೆ ಹೋಗುತ್ತದೆ. ಒಂದೇ ಗದ್ದೆಯ ಒಂದು ತುದಿಯಲ್ಲಿ ಗೊಬ್ಬರ ಕೆಳಗೆ ಹೋಯಿತು, ಇನ್ನೊಂದು ತುದಿಯಲ್ಲಿ ಮೇಲೆ ಹೋಯಿತು. ಎರಡು ಕಡೆಯೂ ಎಲೆ ಹಳದಿ.

"ಬೇವಿನ ಎಣ್ಣೆ ಹಚ್ಚಿದ ಯೂರಿಯಾ ಅಲ್ವಾ, ನಿಧಾನಕ್ಕೆ ಕರಗ್ತದೆ ಅಂತ ಅಂಗಡಿಯವ ಹೇಳಿದ" ಅಂದರು ಮಾವ. ಬೇವಿನ ಲೇಪ ಇರುವುದು ನಿಜ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಅದು ಕಡ್ಡಾಯ. ಆದರೆ ಅದು ನಿಧಾನ ಮಾಡುವುದು ಮುಖ್ಯವಾಗಿ ಅಮೋನಿಯಂ ನೈಟ್ರೇಟ್ ಆಗುವ ಕೆಲಸವನ್ನು. 72 ಸಾವಿರ ಲೀಟರ್ ನೀರಿನ ಮುಂದೆ ಆ ತೆಳ್ಳನೆಯ ಲೇಪ ಏನು ಮಾಡೀತು?

ಮಾವನನ್ನು ದೂರುವುದೂ ಸರಿಯಲ್ಲ. 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ರಾಜ್ಯದಲ್ಲಿ ಕರೆಂಟು ಉಚಿತ. ಯೂರಿಯಾ ಚೀಲಕ್ಕೆ 266 ರೂಪಾಯಿ ಚಿಲ್ಲರೆ. ಒಂದು ಹೊತ್ತಿನ ಮೀನಿಗೆ ಅದಕ್ಕಿಂತ ಜಾಸ್ತಿ ಆಗುತ್ತದೆ. ಎರಡೂ ಅಗ್ಗ ಇರುವಾಗ ಎರಡನ್ನೂ ಅಳೆಯಬೇಕು ಅಂತ ಯಾರಿಗೆ ಅನ್ನಿಸುತ್ತದೆ? ಅದೂ ಅಲ್ಲದೆ ಹೊಟ್ಟೆ ತುಂಬ ನೀರು ಕುಡಿಸಿ ಬೆಳೆಸುವುದು ಭತ್ತದವರ ಕೈಗೆ ಹುಟ್ಟಿನಿಂದ ಬಂದ ಅಭ್ಯಾಸ.

ಈ ಲೆಕ್ಕಗಳಿಗೆ ಮಾವ ಅಷ್ಟಾಗಿ ಬಗ್ಗಲಿಲ್ಲ. ಬಗ್ಗಿದ್ದು ಬೇರೆ ಮಾತಿಗೆ. ಮನೆಯ ಕುಡಿಯುವ ನೀರಿನ ಬಾವಿ ಆ ಗದ್ದೆಯ ಹುಣಿಯಿಂದ ಇಪ್ಪತ್ತು ಹೆಜ್ಜೆ ದೂರ. "ಕೆಳಗೆ ಇಳಿದ ನೈಟ್ರೇಟ್ ಎಲ್ಲಿಗೆ ಹೋಗ್ತದೆ ಅಂತೀರಿ ಮಾವ?" ಅಂದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ. ದಾಟಿದರೆ ಮೊದಲು ಅಪಾಯ ಎಳೆ ಮಕ್ಕಳಿಗೆ. ಮಾವನ ಮಗಳು ಬಾಣಂತನಕ್ಕೆ ಮನೆಗೆ ಬಂದಿದ್ದಳು. ಮಾವ ಏನೂ ಹೇಳಲಿಲ್ಲ. ಎದ್ದು ಹೋಗಿ ಮೂರನೇ ಚೀಲವನ್ನು ಹಟ್ಟಿಯ ಅಟ್ಟಕ್ಕೆ ಏರಿಸಿದರು.

ಚಿಕಿತ್ಸೆ, ಮತ್ತು ಪರ್ಯಾಯದ ವಾರ

ಮಾಡಿದ್ದು ಇಷ್ಟೇ. ಐದು ದಿನ ನೀರು ಪೂರ್ತಿ ಬಂದ್. ತೋಡಿನ ಬದಿಯಲ್ಲಿ ಹುಣಿ ಕಡಿದು ನೀರು ಹೋಗಲು ಒಂದು ಕಣಿ ತೆಗೆದೆವು. ಆರನೇ ದಿನ 10 ಕಿಲೋ ಯೂರಿಯಾ, ಬಿಸಾಡದೆ ಸಾಲಿನ ಬದಿಯಲ್ಲಿ ಗೀರು ಎಳೆದು ಹಾಕಿ ಮಣ್ಣು ಮುಚ್ಚಿದ್ದು. ಮೇಲೆಯೇ ಬಿಟ್ಟರೆ ಒಂದು ಪಾಲು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಆಮೇಲೆ ಅರ್ಧ ಗಂಟೆ ಮಾತ್ರ ನೀರು. ಅಲ್ಲಿಂದ ಮುಂದೆ ಮೂರು ದಿನಕ್ಕೊಮ್ಮೆ ಒಂದು ಗಂಟೆ, ಅದೂ ಬೆಳಿಗ್ಗೆ, ಗಾಳಿ ಏಳುವ ಮೊದಲು.

ಹತ್ತು ದಿನದಲ್ಲಿ ಗದ್ದೆಯ ಬಣ್ಣ ತಿರುಗಿತು. ಹಳದಿಯಾದ ಹಳೆ ಎಲೆ ಹಸಿರಾಗಲಿಲ್ಲ, ಅದು ಆಗುವುದೂ ಇಲ್ಲ. ಹೊಸ ಎಲೆಗಳು ಕಡು ಹಸಿರಾಗಿ ಬಂದವು. ಮಾವ ಪಕ್ಕದ ಮನೆಯವರನ್ನು ಕರೆದು ತೋರಿಸಿದರು. ನಾನು ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ. ಇಬ್ಬರಿಗೂ ಗೆದ್ದ ಖುಷಿ.

ಆಮೇಲೆ ಬಂತು ಪರ್ಯಾಯ. ಜನವರಿ 18.

ಉಡುಪಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದು ಮಠಕ್ಕೆ ಹೋಗುವ, ಎರಡು ವರ್ಷಕ್ಕೊಮ್ಮೆ ಬರುವ ಹಬ್ಬ. ಊರಿನ ಹೊರೆಕಾಣಿಕೆ ಹೊರಡಿಸುವ ಜವಾಬ್ದಾರಿ ಮಾವನ ತಲೆ ಮೇಲೆ. ತೆಂಗಿನಕಾಯಿ, ಅಕ್ಕಿ, ತರಕಾರಿ ಒಟ್ಟು ಮಾಡುವುದು, ಲಾರಿ ಗೊತ್ತು ಮಾಡುವುದು. ಪರ್ಯಾಯದ ರಾತ್ರಿ ಜೋಡುಕಟ್ಟೆಯಿಂದ ರಥಬೀದಿಯವರೆಗೆ ಮೆರವಣಿಗೆಯಲ್ಲಿ ನಾವೆಲ್ಲ ಇದ್ದೆವು. ನಡುವೆ ಒಮ್ಮೆ ಮಾವ ಫೋನಿನಲ್ಲಿ ಕೇಳಿದ್ದರು, "ನೀರು ಬಿಡದೆ ನಾಲ್ಕು ದಿನ ಆಯ್ತು, ಪರವಾಗಿಲ್ಲವಾ?" ನಾನು ಹೇಳಿದ್ದು, "ಏನೂ ಆಗುವುದಿಲ್ಲ ಮಾವ, ನೀರು ಕಡಿಮೆ ಆದರೆ ಒಳ್ಳೆಯದೇ."

ಒಂಬತ್ತು ದಿನ ಪಂಪು ಓಡಲಿಲ್ಲ. ಬಿತ್ತಿ ಐವತ್ತೈದು ದಿನ ಆಗಿತ್ತು. ತುದಿಯಲ್ಲಿ ಗಂಡು ಹೂ ಬಿಚ್ಚಿ, ಕಂಕುಳಲ್ಲಿ ಎಳೆ ತೆನೆ ಕೂದಲು ಬಿಡುವ ಹೊತ್ತು.

ಜೋಳದ ಬದುಕಿನಲ್ಲಿ ನೀರಿಗೆ ಅತಿ ಸೂಕ್ಷ್ಮ ಕಾಲ ಅದೇ. ತೆನೆಯ ಒಂದೊಂದು ಕೂದಲೂ ಒಂದೊಂದು ಕಾಳಿಗೆ ಸೇರಿದ್ದು. ಅದರ ಮೇಲೆ ಪರಾಗ ಬಿದ್ದರೆ ಕಾಳು, ಇಲ್ಲದಿದ್ದರೆ ಆ ಜಾಗ ಖಾಲಿ. ನೀರು ಸಾಲದಿದ್ದರೆ ಗಂಡು ಹೂ ತನ್ನ ಹೊತ್ತಿಗೆ ಪರಾಗ ಉದುರಿಸುತ್ತದೆ, ಕೂದಲು ಮಾತ್ರ ತಡವಾಗಿ ಬರುತ್ತದೆ. ಗಂಡಿನ ಕಡೆಯ ದಿಬ್ಬಣ ಬಂದು ಊಟ ಮುಗಿಸಿ ಹೋದ ಮೇಲೆ ಹುಡುಗಿ ಚಪ್ಪರಕ್ಕೆ ಬಂದ ಹಾಗೆ. ಈ ಹೊತ್ತಿನಲ್ಲಿ ಗಿಡಕ್ಕೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕು. ನಮ್ಮ ಮರಳು ಮಣ್ಣು ಎರಡು ಗೇಣು ಆಳಕ್ಕೆ ಹಿಡಿದಿಡುವುದು 45-50 ಮಿಲಿಮೀಟರ್. ಅದರಲ್ಲಿ ಅರ್ಧ ಖಾಲಿಯಾದ ಮೇಲೆ ಗಿಡ ತಿಣುಕಲು ಶುರು. ಲೆಕ್ಕ ಸುಲಭ, ಐದನೇ ದಿನಕ್ಕೇ ನೀರು ಕೊಡಬೇಕಿತ್ತು.

ನಾನು ಗದ್ದೆ ನೋಡಿದಾಗ ಬೆಳಿಗ್ಗೆ ಹತ್ತು ಗಂಟೆಗೇ ಎಲೆಗಳು ವೀಳ್ಯದೆಲೆಯ ಹಾಗೆ ಸುರುಳಿ ಸುತ್ತಿಕೊಂಡಿದ್ದವು. ಬಣ್ಣ ಮಾತ್ರ ಕಡು ಹಸಿರು. ಸಾರಜನಕ ಮಣ್ಣಿನಲ್ಲಿಯೇ ಇತ್ತು. ಆದರೆ ಅದು ಬೇರಿಗೆ ಬರುವುದು ನೀರಿನ ಹೆಗಲೇರಿ. ಡಿಸೆಂಬರಿನಲ್ಲಿ ನೀರು ಜಾಸ್ತಿಯಾಗಿ ಗೊಬ್ಬರ ಹೋಯಿತು, ಜನವರಿಯಲ್ಲಿ ನೀರಿಲ್ಲದೆ ಗೊಬ್ಬರ ಸುಮ್ನೆ ಕೂತಿತು. ಆಮೇಲೆ ನೀರು ಬಿಟ್ಟೆವು, ಎಲೆ ಬಿಚ್ಚಿಕೊಂಡಿತು. ಉದುರಿದ ಪರಾಗ ತಿರುಗಿ ಬರುತ್ತದಾ? ಫೆಬ್ರವರಿಯಲ್ಲಿ ಸಿಪ್ಪೆ ಸುಲಿದರೆ ತೆನೆಗಳೆಲ್ಲ ಬೊಚ್ಚು ಬಾಯಿ. ಅಲ್ಲೊಂದು ಇಲ್ಲೊಂದು ಹಲ್ಲು, ತುದಿ ಪೂರ್ತಿ ಬೋಳು.

"ನೀರು ಕಡಿಮೆ ಆದರೆ ಒಳ್ಳೆಯದೇ" ಅಂತ ನಾನು ಹೇಳಿದ್ದನ್ನು ಮಾವ ಇವತ್ತಿಗೂ ಮದುವೆ ಮನೆಗಳಲ್ಲಿ ಹೇಳಿ ನಗಿಸುತ್ತಾರೆ.

ಕಾಳಿನ ಆಸೆ ಬಿಟ್ಟು ಎಲ್ಲವನ್ನೂ ಮೇವಿಗೆ ಕಡಿಯುವುದು ಅಂತ ಆಯಿತು. ಇಲ್ಲಿ ಪಶುವೈದ್ಯರು ಒಂದು ಎಚ್ಚರ ಹೇಳಿದರು. ಅದು ನನಗೆ ಹೊಸದು. ಯೂರಿಯಾ ಚೆನ್ನಾಗಿ ಬಿದ್ದು, ಆಮೇಲೆ ನೀರಿಲ್ಲದೆ ಬಳಲಿದ ಜೋಳದ ದಂಟಿನಲ್ಲಿ ನೈಟ್ರೇಟ್ ಕೂಡಿಕೊಳ್ಳುತ್ತದೆ, ಬುಡದ ಒಂದಡಿಯಲ್ಲಿ ಅತಿ ಹೆಚ್ಚು. ದನದ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ ರಕ್ತ ಆಮ್ಲಜನಕ ಹೊರುವುದನ್ನೇ ಬಿಡುತ್ತದೆ. ಜಾಸ್ತಿಯಾದರೆ ದನ ನಿಂತಲ್ಲೇ ಬೀಳಬಹುದು. ಒಣಗಿದ ಗದ್ದೆಗೆ ನೀರು ಬಿಟ್ಟ ಮೊದಲ ಕೆಲವು ದಿನ ಇದು ಇನ್ನೂ ಏರುತ್ತದೆ. ಹಾಗಾಗಿ ಬುಡದಿಂದ ಒಂದಡಿ ಬಿಟ್ಟು ಕಡಿದೆವು, ಬೈಹುಲ್ಲಿನ ಜೊತೆ ಬೆರೆಸಿ ಸ್ವಲ್ಪ ಸ್ವಲ್ಪವೇ ಕೊಟ್ಟೆವು. ಮುಕ್ಕಾಲು ಪಾಲನ್ನು ಕತ್ತರಿಸಿ ಡ್ರಮ್ಮಿನಲ್ಲಿ ಒತ್ತಿ ರಸಮೇವು ಮಾಡಿದೆವು. ಹುಳಿ ಬರುವಾಗ ನೈಟ್ರೇಟ್ ಒಂದು ದೊಡ್ಡ ಪಾಲು ಇಳಿಯುತ್ತದೆ.

ಎರಡನೇ ವರ್ಷ

ಮಾವ ಬಿಡುವವರಲ್ಲ. ಮರು ವರ್ಷ ಮತ್ತೆ ಜೋಳ. ಈ ಸಲ ಗದ್ದೆಯನ್ನು ಮೂರು ಪಟ್ಟಿ ಮಾಡಿದೆವು, ಒಂದೊಂದರಲ್ಲಿ 27-28 ಸಾಲು. ಸಾಲುಗಳು ಎತ್ತರದಿಂದ ತೋಡಿನವರೆಗೆ ಉದ್ದಕ್ಕೆ ಇದ್ದ ಕಾರಣ ಪ್ರತಿ ಪಟ್ಟಿಗೂ ಒಳ್ಳೆ ಜಾಗ ಕೆಟ್ಟ ಜಾಗ ಎರಡೂ ಬಂತು.

ಮೊದಲ ಪಟ್ಟಿ ಮಾವನ ಹಳೆ ಕ್ರಮ. ಮೂರು ಗಂಟೆ ನೀರು ದಿನ ಬಿಟ್ಟು ದಿನ, ಯೂರಿಯಾ ಶಿಫಾರಸಿನಷ್ಟೇ ಆದರೂ ಎರಡೇ ಕಂತು. ಇದು ಬೇಡ ಅಂತ ನಾನು ಹೇಳಿದ್ದೆ. "ನಿನ್ನ ಡಬ್ಬಿ ಗೆಲ್ಲಬೇಕಾದರೆ ಸೋಲಲಿಕ್ಕೆ ಒಬ್ಬ ಬೇಡವಾ?" ಅಂದರು. ಎರಡನೇ ಪಟ್ಟಿಗೆ ಗೊಬ್ಬರ ಅಷ್ಟೇ, ಶಿಫಾರಸಿನಷ್ಟು. ಆದರೆ ನೀರು ಅಳೆದು, ಯೂರಿಯಾ ಮೂರು ಕಂತಿನಲ್ಲಿ. ಮೂರನೆಯದಕ್ಕೆ ನೀರು ಎರಡನೆಯದರ ಹಾಗೆಯೇ, ಯೂರಿಯಾದಲ್ಲಿ ಕಾಲು ಪಾಲು ಕಡಿತ. ಹಟ್ಟಿಗೊಬ್ಬರ ಬೀಳುವ ಗದ್ದೆಗೆ ಅಷ್ಟು ಬೇಕಾ ಅನ್ನುವುದು ನನ್ನ ಅನುಮಾನ.

ಇಡೀ ಗದ್ದೆಯ ಲೆಕ್ಕದಲ್ಲಿ ಹೇಳುವುದಾದರೆ ಡಿಎಪಿ 33 ಕಿಲೋ, ಪೊಟ್ಯಾಶ್ 13 ಕಿಲೋ, ಎರಡೂ ಬಿತ್ತುವಾಗ. ಯೂರಿಯಾ 52 ಕಿಲೋ, ಮೂರನೇ ಪಟ್ಟಿಯ ಕಡಿತ ಲೆಕ್ಕಕ್ಕೆ ಹಿಡಿಯದೆ. ಮೂರು ಕಂತಿನಲ್ಲಿ ಹಾಕುವಲ್ಲಿ ಇಪ್ಪತ್ತೆರಡನೇ ದಿನ ಒಂದು, ಮೊಣಕಾಲೆತ್ತರ ಬಂದಾಗ ಒಂದು, ಗಂಡು ಹೂ ಕಾಣುವ ಸ್ವಲ್ಪ ಮೊದಲು ಒಂದು. ಗಿಡ ಗಬಗಬನೆ ಸಾರಜನಕ ತಿನ್ನುವುದು ಮೊಣಕಾಲೆತ್ತರದಿಂದ ಹೂವಿನವರೆಗೆ. ಕೂದಲು ಬರುವ ಹೊತ್ತಿಗೆ ಒಟ್ಟು ಊಟದ ಅರ್ಧಕ್ಕಿಂತ ಹೆಚ್ಚು ಮುಗಿದಿರುತ್ತದೆ. ಆಮೇಲೆ ಹಾಕಿದರೆ ಲಾಭ ಕಡಿಮೆ. ಸಾಲಿಗೆ ಅಳತೆ ತೆಂಗಿನ ಗೆರಟೆ. ಒಂದು ಗೆರಟೆ ಯೂರಿಯಾ ಒಂದು ಸಾಲಿಗೆ, ಹೆಚ್ಚುಕಡಿಮೆ ಸರಿ ಹೋಗುತ್ತದೆ. ಸುಳಿಯೊಳಗೆ ಮಾತ್ರ ಬೀಳಬಾರದು, ಸುಟ್ಟು ಹೋಗುತ್ತದೆ.

ನೀರು ಹೀಗೆ: ಮೊಣಕಾಲೆತ್ತರದವರೆಗೆ ನಾಲ್ಕು ದಿನಕ್ಕೊಮ್ಮೆ ಒಂದು ಗಂಟೆ. ಅಲ್ಲಿಂದ ಹೂವಿನವರೆಗೆ ಮೂರು ದಿನಕ್ಕೊಮ್ಮೆ. ಹೂ ಬಂದ ಮೇಲೆ ಕಾಳಿನಲ್ಲಿ ಹಾಲು ತುಂಬುವವರೆಗೆ ಮೂರು ದಿನಕ್ಕೊಮ್ಮೆ ಒಂದೂವರೆ ಗಂಟೆ, ತಪ್ಪಿಸುವ ಹಾಗೇ ಇಲ್ಲ. ಅತ್ತೆ ಕ್ಯಾಲೆಂಡರಿನಲ್ಲಿ ಆ ಮೂರು ವಾರಕ್ಕೆ ಕೆಂಪು ಗೆರೆ ಎಳೆದಿಟ್ಟರು. ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ (ಕಾಳು ಬಲಿತ ಗುರುತು) ಕಂಡ ಮೇಲೆ ಪಂಪು ಬಂದ್.

ಲದ್ದಿ ಹುಳು ಬಂತು, ಎಲ್ಲ ಕಡೆಯ ಹಾಗೆ. 2018ರ ಮೇ ತಿಂಗಳಲ್ಲಿ ದೇಶದಲ್ಲೇ ಮೊದಲು ನಮ್ಮ ಶಿವಮೊಗ್ಗದಲ್ಲಿ ಕಂಡ ಈ ಫಾಲ್ ಸೈನಿಕ ಹುಳು ಘಟ್ಟ ಇಳಿಯುವುದಕ್ಕೆ ಎಷ್ಟು ಹೊತ್ತು? ಕೊನೆಗೆ ನವಿಲುಗಳೂ ತಮ್ಮ ಪಾಲು ತೆಗೆದುಕೊಂಡವು. ಅದು ಬೇರೆಯೇ ಬರಹ ಆದೀತು.

ತೆನೆ ಮುರಿಯುವಾಗ ಪಟ್ಟಿಗಳ ಗಡಿಯ ಸಾಲುಗಳನ್ನು ಬಿಟ್ಟು ಪ್ರತಿಯೊಂದರ ನಡುವಿನ ಹತ್ತು ಹತ್ತು ಸಾಲು ಮಾತ್ರ ಲೆಕ್ಕಕ್ಕೆ ಹಿಡಿದೆವು, ಅಕ್ಕಪಕ್ಕದ ನೀರು ಹಾರಿ ಬರುತ್ತದಲ್ಲ. ಅಳತೆ ಅಡಿಕೆ ಹೆಕ್ಕುವ ಬುಟ್ಟಿ. ಮಾವನ ಹಳೆ ಕ್ರಮದಲ್ಲಿ 7 ಬುಟ್ಟಿ. ಅಳೆದು ನೀರು ಬಿಟ್ಟ ಎರಡನೇ ಪಟ್ಟಿಯಲ್ಲಿ 11. ಯೂರಿಯಾ ಕಡಿತ ಮಾಡಿದ್ದರಲ್ಲಿ ಹತ್ತೂವರೆ.

ಇದನ್ನು ದೊಡ್ಡ ಪ್ರಯೋಗ ಅಂತ ಹೇಳಿಕೊಳ್ಳುವ ಹಾಗಿಲ್ಲ. ಒಂದೇ ಗದ್ದೆ, ಒಂದೇ ವರ್ಷ, ಬುಟ್ಟಿ ತುಂಬುವ ಕೈಯೂ ಮೂರು ಪಟ್ಟಿಗೆ ಮೂರು ಜನರದ್ದು. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅರ್ಧ ಬುಟ್ಟಿ ವ್ಯತ್ಯಾಸವನ್ನು ನಾನು ನಂಬುವುದಿಲ್ಲ. ನೋಡಿದರೆ ಎರಡೂ ಒಂದೇ ಹಸಿರು. ಆದರೆ 7ಕ್ಕೂ 11ಕ್ಕೂ ಇರುವ ಅಂತರ ಕೈಗೆ ಭಾರವಾಗಿಯೇ ಸಿಗುತ್ತಿತ್ತು. ಆ ಎರಡೂ ಪಟ್ಟಿಗೆ ಬಿದ್ದ ಯೂರಿಯಾ ಒಂದೇ ತೂಕ. ಬೇರೆ ಇದ್ದದ್ದು ನೀರು ಮತ್ತು ಕಂತು. ಇವೆರಡರಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸಬೇಕಾದರೆ ನಾಲ್ಕನೇ ಪಟ್ಟಿಯೊಂದು ಬೇಕಿತ್ತು, ಅಳೆದ ನೀರು ಮತ್ತು ಎರಡೇ ಕಂತು. ಅದು ಹೊಳೆದದ್ದು ತೆನೆಯೆಲ್ಲ ಅಂಗಳಕ್ಕೆ ಬಂದ ಮೇಲೆ.

ಮಾವ ಮೂರು ರಾಶಿಗಳ ನಡುವೆ ನಿಂತು ಸ್ವಲ್ಪ ಹೊತ್ತು ನೋಡಿದರು. "ಮೂರನೇ ಪಟ್ಟಿಯ ಲೆಕ್ಕ ಇಟ್ಟುಕೊಳ್ಳುವ" ಅಂದರು. ಹಾಲಿನ ಪುಡಿಯ ಡಬ್ಬಿಗಳು ಈಗ ಅಡಿಕೆ ತೋಟದಲ್ಲಿವೆ.

ತೋಡಿನ ಬದಿಯ ಆ ಮೂರು ಮಾರು ಮಾತ್ರ ಎರಡನೇ ವರ್ಷವೂ ಯಾವ ಪಟ್ಟಿಯಲ್ಲೂ ಏಳಲಿಲ್ಲ. ಕಣಿ ತೆಗೆದರೂ ಕೆಳಗಿನ ಗಟ್ಟಿ ಪದರ ನೀರು ಬಿಡುವುದಿಲ್ಲ. ಅಲ್ಲಿ ಜೋಳ ಬೇಡ ಅಂತ ಅತ್ತೆ ತೀರ್ಮಾನ ಕೊಟ್ಟಾಗಿದೆ. ಮುಂದಿನ ಸಲ ಅಲ್ಲಿ ಬಸಳೆ ಚಪ್ಪರ.